ಗರಸು ಮುಟ್ಟದ ಪಾಯಾ

ಬಬಲೇಶ್ವರದ ಅಮೋಘಿ ಬಾವಿ ತೋಡುತ್ತಲೇ ಮುದುಕನಾದವನು. ಎರೆಮಣ್ಣು ಮಳೆಗೆ ಉಬ್ಬುವುದನ್ನೂ ಬೇಸಿಗೆಗೆ ಕಾಲು ಇಳಿಯುವಷ್ಟು ಬಿರಿಯುವುದನ್ನೂ ಜೀವಮಾನವಿಡೀ ಕಂಡಿದ್ದ.

೧೯೪೬ರಲ್ಲಿ ಜೋರಾಪುರ ಪೇಟೆಯ ವ್ಯಾಪಾರಿ ಗುರಲಿಂಗಪ್ಪ ತಿಕೋಟಾ ರಸ್ತೆಯಲ್ಲಿ ಕಟ್ಟಿಸುವ ಹತ್ತಿ ಗಿರಣಿಗೆ ಪಾಯಾ ತೋಡಲು ಅವನನ್ನು ಕರೆಸಿದ. ಕಂಬ, ತೊಲೆ ಎಲ್ಲ ಕಬ್ಬಿಣದವು. ಎರೆಯ ಕೆಳಗೆ ಗಟ್ಟಿ ಗರಸಿನ ಪದರ ಸಿಗಲು ಒಂಬತ್ತು ಮೊಳ ಇಳಿಯಬೇಕಿತ್ತು. ಗುರಲಿಂಗಪ್ಪ ನಾಲ್ಕು ಮೊಳಕ್ಕೇ ಸಾಕೆಂದ.

"ಕಂಬ ಕಬ್ಬಿಣದ್ದ ಆದ್ರೂ ನಿಂದ್ರೂದು ಮಣ್ಣಿನ ಮ್ಯಾಲ ರೀ," ಎಂದ ಅಮೋಘಿ.

ಸಾವಕಾರ ನಕ್ಕ. ಅಮೋಘಿ ನಾಲ್ಕೇ ಮೊಳ ತೋಡಿ ಕೂಲಿ ತೆಗೆದುಕೊಂಡ. ಹಾಗೆ ಒಪ್ಪಿದ್ದಕ್ಕೆ ಮುಂದೆ ತಾನೇ ಹೇಸಿಕೊಂಡ.

ಎರಡು ವರ್ಷ ಕಳೆಯಿತು. ಯಂತ್ರದ ನೀರು ಹರಿಯುವ ಮೂಡಲ ಬದಿಯ ಮಣ್ಣು ಸದಾ ಹಸಿಯಾಗಿ ಉಬ್ಬಿತು, ಪಡುವಲ ಬದಿ ಒಣಗಿ ಕುಸಿಯಿತು. ಬಾಗಿಲು ಮುಚ್ಚುತ್ತಿಲ್ಲ, ತೊಲೆ ಬಿಗಿದ ರಿವೆಟ್ಟು ಮೊಳೆಗಳ ತಲೆಗಳು ಉದುರುತ್ತಿವೆ ಎಂದು ಅಲ್ಲಿ ಹತ್ತಿ ಆರಿಸುವ ಅಮೋಘಿಯ ಹೆಂಡತಿ ದುಂಡವ್ವ ಹೇಳಿದಳು. ಅಮೋಘಿ ಹೋಗಿ ತೂಗುಗುಂಡು ಬಿಟ್ಟು ನೋಡಿದ. ಕಂಬ ನಾಲ್ಕು ಬೆರಳು ವಾಲಿತ್ತು. ಫಿಟ್ಟರ್ ಮಲ್ಲಿಕಸಾಬ ಕಂಬದ ಬುಡಕ್ಕೆ ತಗಡು ತುರುಕುತ್ತಿದ್ದ. ತಿಂಗಳಿಗೊಂದು ಸೇರಿಸುತ್ತೇನೆ ಎಂದ, ತಲೆ ಎತ್ತದೆ. ಮುರಿದ ರಿವೆಟ್ಟುಗಳ ತೂತಿಗೆ ಮೇಣ ಮೆತ್ತಿ ಬಣ್ಣ ಬಳಿದಿದ್ದರು. ಅಮೋಘಿ ನೇರ ಗುರಲಿಂಗಪ್ಪನ ಬಾಗಿಲಿಗೆ ಹೋದ.

ಗಿರಣಿ ಕೊಳ್ಳಲು ಸೊಲ್ಲಾಪುರದವರು ಬರುವವರಿದ್ದರು. ಅಷ್ಟರೊಳಗೆ ನೆಲದ ಬಿರುಕಿಗೆಲ್ಲ ಮಣ್ಣು ತುಂಬಿ ಸಾರಿಸಿಬಿಡು ಎಂದ ಗುರಲಿಂಗಪ್ಪ.

"ಕೆಳಗ ಹೆಣ್ಮಕ್ಕಳು ಕುಂತಾರ್ರಿ."

"ಕುಂದ್ರಲಿ ಬಿಡು. ಅವರಿಗೇನು ಬ್ಯಾರೆ ಕೆಲಸ ಸಿಗ್ತೈತೇನು?"

ಅಮೋಘಿ ಅವನ ಹೊಸ್ತಿಲ ಹತ್ತಿರವೇ ಉಗುಳಿದ. ಗಿರಣಿಯೊಳಗೆ ಹೋಗಿ ದುಂಡವ್ವನ ಕೈ ಹಿಡಿದು ಎಬ್ಬಿಸಿದ. ವಾಲಿದ ಕಂಬವನ್ನು ಉಳಿದವರಿಗೂ ತೋರಿಸಿದ. ಹತ್ತೊಂಬತ್ತು ಮಂದಿ ಹೊರಬಂದರು. ಕೂಲಿ ಹೋಯಿತೆಂದು ಕೆಲವರು ಅವನನ್ನೇ ಬೈದರು.

ನಾಲ್ಕನೆಯ ದಿನ ಜೋರು ಮಳೆ ಹೊಯ್ದು, ಬಿರುಕುಗಳಲ್ಲಿ ನೀರಿಳಿದು ಪಡುವಲ ಸಾಲಿನ ಕಂಬಗಳು ಹೂತುಹೋದವು. ತೊಲೆ ಕಳಚಿ, ತಗಡಿನ ಮಾಡು ಖಾಲಿ ಗಿರಣಿಯ ಯಂತ್ರಗಳ ಮೇಲೆ ಬಿತ್ತು.

ಪಾಯಾ ತೋಡಿದವನದೇ ತಪ್ಪು ಎಂದು ಗುರಲಿಂಗಪ್ಪ ಪೇಟೆಯಲ್ಲೆಲ್ಲ ಸಾರಿದ. ಮಲ್ಲಿಕಸಾಬ ತಡೆಯಲಾರದೆ ತಗಡು ತುರುಕಿದ, ಮೇಣ ಮೆತ್ತಿದ ನಿಜವನ್ನು ಬಾಯಿಬಿಟ್ಟ. ಕೊಳ್ಳುವವರು ತಿರುಗಿ ನೋಡಲಿಲ್ಲ.

ಮರುವರ್ಷ ಗಿರಣಿ ಮತ್ತೆ ಕಟ್ಟಿಸಲು ಸಾವಕಾರ ಅವನಿಗೇ ಹೇಳಿಕಳಿಸಿದ. ಹೆಂಗಸರು ಮತ್ತೆ ಅಲ್ಲೇ ಕೂರಬೇಕಲ್ಲ ಎಂದು ಅಮೋಘಿ ಹೋದ. ಒಂಬತ್ತು ಮೊಳ ತೋಡಿ, ಗರಸಿಗೆ ಹಾರೆ ಠಣ್ಣೆಂದ ಮೇಲೆಯೇ ಮೇಲೆ ಬಂದ. ಗುರಲಿಂಗಪ್ಪ ಚಹಾ ತರಿಸಿ ಮುಂದಿಟ್ಟ. ಅಮೋಘಿ ಅದನ್ನು ಮುಟ್ಟದೆ, ಕೈಯ ಮಣ್ಣು ಝಾಡಿಸಿ ಬಬಲೇಶ್ವರದ ದಾರಿ ಹಿಡಿದ.