ಹಗೇವಿನೊಳಗಿನ ಪ್ರಾರ್ಥನೆ

ನನ್ನ ಅತ್ತೆಗೆ ಬೇಕಾಗಿದ್ದದ್ದು ದಿನಕ್ಕೆ ಸ್ವಲ್ಪ ಹೊತ್ತು ಮತ್ತು ಯಾರೂ ಬಾರದ ಒಂದು ಮೂಲೆ. ಅದಕ್ಕಿಂತ ಹೆಚ್ಚಿನದನ್ನು ಅವರು ಯಾರಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ಆ ಮೂಲೆ ಅವರಿಗೆ ಸಿಕ್ಕಿದ್ದು ನೆಲದೊಳಗೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹುಮನಾಬಾದಿನವಳು. ಗುಲಬರ್ಗಾದಲ್ಲಿ ಬಿ.ಎ. ಮುಗಿಸಿದ ವರ್ಷವೇ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದೆ. ನನ್ನ ಗಂಡ ಅಲ್ಲಿ ಶಾಲಾ ಮಾಸ್ತರರು. ಧಾನ್ಯದ ವ್ಯಾಪಾರಿಯೊಬ್ಬರ ದೊಡ್ಡ ಮನೆಯ ಹಿತ್ತಲಲ್ಲಿದ್ದ ಎರಡು ಖೋಲಿಗಳನ್ನು ಬಾಡಿಗೆಗೆ ಹಿಡಿದಿದ್ದೆವು. ಮೈದುನರು, ನಾದಿನಿ, ಅತ್ತೆ ಎಲ್ಲ ಸೇರಿ ಆರು ಜನ. ಒಬ್ಬರು ಕಾಲು ಚಾಚಬೇಕಾದರೆ ಇನ್ನೊಬ್ಬರು ಕಾಲು ಮಡಚಬೇಕು.

ಅತ್ತೆ ಬಾಳುವೆ ಮಾಡಿದ್ದು ಮಂಠಾಳದಲ್ಲಿ. ಅಲ್ಲಿ ಕೂಲಿಗೆ ಹೋದಾಗ ಬುತ್ತಿ ಬಿಚ್ಚುವ ಮೊದಲು ಹೊಲದ ಬದುವಿನ ಆಚೆ ಒಬ್ಬರೇ ಹೋಗಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದರು. ಇಲ್ಲಿ ಹೊಲವಿಲ್ಲ, ಬದುವಿಲ್ಲ. ಗೋಡೆಗೆ ಮುಖ ಮಾಡಿ ಕೂತರೆ ಬೆನ್ನ ಹಿಂದೆ ಇಡೀ ಸಂಸಾರ.

ಒಮ್ಮೆ ಹಾಗೆ ಕೂತಿದ್ದಾಗ ನಾದಿನಿ ಕೇಳಿದಳು, "ಅವ್ವಾ, ಉಪ್ಪಿನ ಡಬ್ಬಿ ಎಲ್ಲಿ ಅದ?"

ಅತ್ತೆ ಕಣ್ಣು ತೆರೆಯಲಿಲ್ಲ. "ಕರ್ತನೇ, ಅದು ಗೋಡಿ ಮಾಡದಾಗ ಅದ ಅಂತ ಈಕಿಗೆ ನೀನೇ ಹೇಳಪ್ಪಾ. ನಾ ನಿನ್ನ ಜೋಡಿ ಮಾತಾಡಾಕತ್ತೇನಿ" ಎಂದರು. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನು ಮಾತ್ರ ನೋಡಿದೆ.

ಮನೆಯ ಒಡತಿಯನ್ನು ನಾವು ಸಾವಕಾರ್ತಿ ಎಂದೇ ಕರೆಯುತ್ತಿದ್ದೆವು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ದೇವರ ಖೋಲಿಯ ಕದ ಹಾಕಿಕೊಂಡು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಅವರ ಗಂಡನೂ ಕೂಗುವ ಹಾಗಿರಲಿಲ್ಲ. ಬಾವಿಕಟ್ಟೆಯ ಮೇಲೆ ಅವರು ಅತ್ತೆಯನ್ನು ಕೆಣಕಿದರು.

"ಏನ್ರೀ ಮಾಸ್ತರರ ಅವ್ವಾರ, ನಿಮ್ಮ ದೇವರಿಗೊಂದು ಖೋಲಿ ಇಲ್ಲೇನ್ರಿ?"

"ನಮ್ಮ ದೇವರಿಗೆ ಖೋಲಿ ಬ್ಯಾಡ್ರಿ. ನನಗ ಬೇಕಾಗ್ಯದ."

"ಹಂಗಾರ ಆ ಹಗೇವಿನಾಗ ಇಳೀರಿ. ಕಾಗಿ ಸುದ್ದಾ ಬರಂಗಿಲ್ಲ."

ಸಾವಕಾರ್ತಿ ಹೇಳಿದ್ದು ಹಾಸ್ಯಕ್ಕೆ. ಅತ್ತೆ ಹಾಸ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕುಳಿ. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಹೊಟ್ಟೆ ದೊಡ್ಡದು. ಸುತ್ತಲೂ ಜೋಳದ ದಂಟು ಒತ್ತಿ, ಕಾಳು ತುಂಬಿ, ಮೇಲೆ ಹಾಸುಗಲ್ಲು ಎಳೆದು ಮಣ್ಣು ಮುಚ್ಚಿಬಿಡುತ್ತಿದ್ದರು. ಸಾವಕಾರರು ಗೋದಾಮು ಕಟ್ಟಿಸಿದ ಮೇಲೆ ಹಿತ್ತಲಿನ ಹಗೇವುಗಳು ಖಾಲಿ ಬಿದ್ದಿದ್ದವು. ಅದರಲ್ಲಿ ಒಂದು ಆಳವಿರಲಿಲ್ಲ. ಒಳಗೆ ನಿಂತರೆ ತಲೆ ಬಾಯಿಯ ಹತ್ತಿರ ಬರುತ್ತಿತ್ತು.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ, ಇಳಿದವರು ಏಳುವುದಿಲ್ಲ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅದಕ್ಕೆ ಬೇಸಿಗೆಯಲ್ಲಿ ಕಲ್ಲು ಸರಿಸಿ ಬಹಳ ದಿನ ಬಾಯಿ ತೆರೆದಿಟ್ಟರು. ಸಾವಕಾರ್ತಿಯೇ ಹಗ್ಗಕ್ಕೆ ಚಿಮಣಿ ದೀಪ ಕಟ್ಟಿ ತಳಮುಟ್ಟ ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ಅತ್ತೆ ಗಿಡ್ಡ ಏಣಿ ಇಟ್ಟುಕೊಂಡು ಇಳಿದು ಗುಡಿಸಿ, ಚಾಪೆ ಹಾಸಿ, ಭುಜದೆತ್ತರದ ಗೂಡಿನಲ್ಲಿ ಆ ಚಿಮಣಿಯನ್ನು ಇಟ್ಟರು. ಬಾಯಿಗೆ ಗೋಣಿತಟ್ಟು ಎಳೆದುಕೊಂಡರೆ ಪ್ರಾರ್ಥನೆಯ ಕೋಣೆ ಆಯಿತು.

ತಿಂಗಳಿಗೊಮ್ಮೆ ಹುಮನಾಬಾದಿನಿಂದ ಬರುತ್ತಿದ್ದ ಪಾದ್ರಿಗಳು ಆ ಸಲ ಏಕಾಂತದ ಬಗ್ಗೆಯೇ ಹೇಳಿದರು. ಯೇಸುಸ್ವಾಮಿ ಜನರನ್ನು ಬಿಟ್ಟು ಒಬ್ಬರೇ ಬೆಟ್ಟಕ್ಕೆ ಹೋಗುತ್ತಿದ್ದರು, ನೀವೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದರು. ಅತ್ತೆ ನನ್ನ ಕಿವಿಯಲ್ಲಿ, "ನಂದು ಬಾಗಿಲಲ್ಲವಾ, ಮುಚ್ಚಳ" ಎಂದರು. ಅವರ ಮುಖದಲ್ಲಿ ಹುಡುಗಿಯ ಖುಷಿ. ಬೇಸಿಗೆಯೆಲ್ಲ ಮಧ್ಯಾಹ್ನದ ಊಟಕ್ಕೆ ಮೊದಲು ಅವರು ಇಳಿಯುವುದು, ಏರಿ ಬಂದು ತಣ್ಣಗೆ ಕೆಲಸ ಮಾಡುವುದು ನಡೆಯಿತು.

ಆಮೇಲೆ ಮುಂಗಾರಿನ ಮಿರಗದ ಮಳೆ ಬಂತು.

ನೆಲ ನೆನೆಯಿತು. ಹಗೇವಿನೊಳಗೆ ನೀರು ನಿಲ್ಲಲಿಲ್ಲ, ಆದರೆ ಗೋಡೆ ಜಿನುಗಿತು. ದಂಟಿನ ಹಿಂದೆ, ಚಾಪೆಯ ಕೆಳಗೆ ಉಳಿದಿದ್ದ ಹಳೆಯ ಜೋಳ ಉಬ್ಬಿತು. ಹುಳಿ ಬಂದ ಅಂಬಲಿಯ ವಾಸನೆ ಮೇಲಿನವರೆಗೂ ಬರುತ್ತಿತ್ತು. ಒಂದು ದಿನ ಚಾಪೆಯ ಮೇಲೆ ಕಪ್ಪೆಗಳು ಸತ್ತು ಬಿದ್ದಿದ್ದವು. ಇನ್ನೊಂದು ದಿನ ಹೆಗ್ಗಣ. "ಯಾರೋ ಔಷಧ ಇಟ್ಟಾರ. ಪೀಡಾ ಹೋತು" ಎಂದು ಅತ್ತೆ ಅದನ್ನು ಮೊರದಲ್ಲಿ ಎತ್ತಿ ಬಿಸಾಡಿದರು. ನನಗೂ ಹಾಗೇ ಅನಿಸಿತು. ಗೂಡಿನಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತಲ್ಲ.

ಆ ದಿನಗಳಲ್ಲಿ ಅವರು ಮೇಲೆ ಬಂದಾಗ ಮುಖ ಕೆಂಪಗಿರುತ್ತಿತ್ತು. ಏದುಸಿರು ಬಿಡುತ್ತಿದ್ದರು. ಹಣೆ ಹಿಡಿದುಕೊಂಡು, "ಮೊದಲು ಹಿಂಗ ಇದ್ದಿಲ್ಲ ತಂಗಿ. ಮೊಣಕಾಲು ಊರಿದ್ದೇ ತಡ, ಎದಿ ಢವಢವ ಅಂತದ, ತಲಿ ಹಗುರ ಆಗತದ. ಯಾರೋ ಬಂದು ಬರೋಬ್ಬರಿ ಮಗ್ಗಲಕ್ಕ ನಿಂತಂಗ" ಎನ್ನುತ್ತಿದ್ದರು.

ನನಗೆ ಆಸೆಯಾಯಿತು. ಕಾಲೇಜಿನಲ್ಲಿ ಓದುವಾಗ ನನ್ನ ಪ್ರಾರ್ಥನೆ ಒಣಗಿಹೋಗಿತ್ತು. ಒಂದು ದಿನ ಅವರು ಏರಿ ಬಂದ ಮೇಲೆ ನಾನೂ ಇಳಿದೆ. ನಿಂತುಕೊಂಡು ಒಂದು ಕೀರ್ತನೆ ಗುನುಗಿದೆ, ಏನೂ ಆಗಲಿಲ್ಲ. ಮೊಣಕಾಲೂರಿ ತಲೆ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಗುಂಯ್ ಎಂಬ ಸದ್ದು, ಮುಖಕ್ಕೆ ಬಿಸಿ, ಉಸಿರು ತಾನಾಗಿ ಜೋರಾಯಿತು. ಪಕ್ಕದಲ್ಲಿ ಯಾರೋ ಇದ್ದಾರೆ ಅನಿಸಿ ಮೈ ಜುಮ್ಮೆಂದಿತು, ಅಳು ಬಂತು. ಕಣ್ಣೊರೆಸಿಕೊಳ್ಳಲು ಎದ್ದು ನಿಂತೆ. ಎದ್ದು ನಿಂತಿದ್ದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಹೇಳಿದಾಗ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. "ನಿನಗೂ ಬಂತಾ? ನಿನಗೂ ಬಂತಾ?" ಆ ಎರಡು ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಅದಾದ ಕೆಲವು ದಿನಕ್ಕೆ, ಒಂದು ಶುಕ್ರವಾರ, ಅವರ ಉಪವಾಸದ ದಿನ. ರಾತ್ರಿಯೆಲ್ಲ ಮಳೆ ಸುರಿದು ಬೆಳಿಗ್ಗೆ ನಿಂತಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ಹಿತ್ತಲಿನ ಬೇವಿನ ಎಲೆ ಅಲ್ಲಾಡುತ್ತಿರಲಿಲ್ಲ. ಗಂಡಸರು ಶಾಲೆಗೆ, ನಾದಿನಿ ಹೊಲಿಗೆ ಕಲಿಯಲು ಹೋಗಿದ್ದರು. "ಇವತ್ತ ಜಲ್ದಿ ಕರೀಬ್ಯಾಡ" ಎಂದು ಹೇಳಿ ಅತ್ತೆ ಇಳಿದರು. ಗೋಣಿತಟ್ಟು ಸರಿದ ಸದ್ದು ಕೇಳಿತು. ಒಳಗಿಂದ ಹಾಡಿನ ಒಂದು ಸಾಲು ಬಂತು. ಅದು ನಿಂತಿತು. ಮೊಣಕಾಲೂರಿದರು ಅಂದುಕೊಂಡೆ.

ರೊಟ್ಟಿ ಬಡಿದು ಮುಗಿಸಿ ಹಿತ್ತಲಿಗೆ ಬಂದೆ. ಸದ್ದಿಲ್ಲ. ತಟ್ಟಿನ ಅಂಚು ಎತ್ತಿ ನೋಡಿದೆ. ಗೂಡಿನ ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಕೆಳಗೆ ಅತ್ತೆ ಹಣೆಯನ್ನು ಚಾಪೆಗೆ ಹಚ್ಚಿ ಬಾಗಿದ್ದರು. ಅಷ್ಟು ಪೂರ್ತಿಯಾಗಿ ತನ್ನನ್ನು ಒಪ್ಪಿಸಿಕೊಂಡ ಪ್ರಾರ್ಥನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಭಂಗ ಮಾಡಬಾರದೆಂದು ಉಸಿರು ಬಿಗಿಹಿಡಿದು ಅಲ್ಲೇ ಕೂತೆ.

ಎಷ್ಟು ಹೊತ್ತು ಕೂತಿದ್ದೆ? ಮನಸ್ಸಿನಲ್ಲಿ ಆ ಹೊತ್ತು ಒಮ್ಮೆ ಒಂದು ಕ್ಷಣವಾಗುತ್ತದೆ, ಒಮ್ಮೆ ಇಡೀ ಮಧ್ಯಾಹ್ನವಾಗುತ್ತದೆ. ಕೊನೆಗೆ ಕಂಡದ್ದು ಅವರ ಬಲಗೈ. ಮೈಯ ಕೆಳಗೆ ಸಿಕ್ಕಿ ಹಿಂದಕ್ಕೆ ತಿರುಚಿಕೊಂಡಿತ್ತು. ಪ್ರಾರ್ಥಿಸುವವರು ಕೈಯನ್ನು ಹಾಗೆ ಇಟ್ಟುಕೊಳ್ಳುವುದಿಲ್ಲ.

"ಅತ್ತೀ, ಅತ್ತೀ, ಏಳ್ರಿ!"

ನಾನು ಏಣಿಗೆ ಕಾಲಿಟ್ಟಿದ್ದೆ. ಹಿಂದಿನಿಂದ ಯಾರೋ ನನ್ನ ಹೆರಳು ಹಿಡಿದು ಎಳೆದರು. ನನ್ನ ಕೂಗು ಕೇಳಿ ಓಡಿಬಂದ ಸಾವಕಾರ್ತಿ.

"ಹುಚ್ಚಿ! ಹಗೇವು ಒಬ್ಬರನ್ನ ತಗೊಂಡು ಸುಮ್ಮನಾಗಂಗಿಲ್ಲ. ಎತ್ತಾಕ ಹೋದವರನ್ನೂ ತಗೋತದ!"

"ದೀಪ ಉರಿಯಾಕತ್ತದ ನೋಡ್ರಿ ಅಕ್ಕೋರ!"

ಸಾವಕಾರ್ತಿ ಬಗ್ಗಿ ನೋಡಿದರು. ದೀಪವನ್ನೂ ಅದರ ಕೆಳಗಿನ ತಲೆಯನ್ನೂ ನೋಡಿದರು. "ಅಯ್ಯೋ ಶಿವನೇ, ಹವಾ ಕೆಳಗ ಕೂತದ" ಎಂದರು. ಆಗ ನನಗೂ ಅರ್ಥವಾಯಿತು. ಹುಳಿತ ಜೋಳದಿಂದ ಹುಟ್ಟಿದ ಆ ಗಾಳಿ ಭಾರ. ನೀರಿನ ಹಾಗೆ ತಳದಲ್ಲಿ ಮಡುಗಟ್ಟಿತ್ತು. ನಿಂತವರಿಗೆ, ನಿಂತವರ ಎತ್ತರದ ದೀಪಕ್ಕೆ ಅದು ತಾಗುತ್ತಿರಲಿಲ್ಲ. ಮೊಣಕಾಲೂರಿದವರು ಅದರಲ್ಲಿ ಮುಳುಗುತ್ತಿದ್ದರು.

ಆ ಗಾಳಿಯನ್ನು ಕಲಕಿ ಹೊರಹಾಕಲು ಸಾವಕಾರ್ತಿ ಕಂಬಳಿ ತಂದರು. ಅದರ ಎರಡು ಮೂಲೆ ಅವರು, ಎರಡು ಮೂಲೆ ನಾನು ಹಿಡಿದು ಬಾಯೊಳಗೆ ಇಳಿಬಿಟ್ಟು ಎಳೆದೆವು, ಮತ್ತೆ ಇಳಿಬಿಟ್ಟು ಎಳೆದೆವು. ಕಂಬಳಿಯ ಬೀಸಿಗೆ ದೀಪ ಆರಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರೂ ಓಡಿಬಂದರು. ನನ್ನ ನಡುವಿಗೆ ಬಾವಿಯ ಹಗ್ಗ ಕಟ್ಟಿ, ಅತ್ತೆಗೆ ಕಟ್ಟಲು ಇನ್ನೊಂದನ್ನು ಕೈಗಿಟ್ಟು ಸಾವಕಾರ್ತಿ ಹೇಳಿದರು, "ಕೆಳಗ ಬಗ್ಗಿದಾಗ ಉಸಿರು ತಗೋಬ್ಯಾಡ. ಕೇಳಸ್ತೇನ? ತಗೋಬ್ಯಾಡ!"

ಇಳಿದೆ. ತಲೆ ಮೇಲಕ್ಕೆತ್ತಿ ಎದೆ ತುಂಬ ಗಾಳಿ ಎಳೆದುಕೊಂಡು ಬಗ್ಗಿದೆ. ಅತ್ತೆಯ ಬಗಲಿಗೆ ಕೈ ಹಾಕಿದೆ. ಮೈ ನೆನೆದ ಮೂಟೆಯಂತಿತ್ತು. ಹಗ್ಗ ಸುತ್ತಲಾಗಲಿಲ್ಲ. ಎದ್ದು ನಿಂತು ಉಸಿರಾಡಿದೆ. ಮತ್ತೆ ಬಗ್ಗಿದೆ. ಕಣ್ಣ ಮುಂದೆ ಕೆಂಪು ಚುಕ್ಕೆಗಳು. ಪ್ರಾರ್ಥಿಸಬೇಕೆಂದು ಹೊಳೆಯಲೇ ಇಲ್ಲ. ಗಂಟು ಬೀಳಬೇಕು ಎಂಬುದೊಂದೇ. ಗಂಟು ಬಿತ್ತು. ಮೇಲಿನವರು ಎಳೆದರು. ಅತ್ತೆಯ ಕಾಲುಗಳು ನನ್ನ ಮುಖ ಸವರಿಕೊಂಡು ಬೆಳಕಿಗೆ ಹೋದವು.

ಬೇವಿನ ಕೆಳಗೆ ಮಲಗಿಸಿ, ನೀರು ಚಿಮುಕಿಸಿ, ಸಾವಕಾರ್ತಿ ಅತ್ತೆಯ ಕೆನ್ನೆಗೆ ಹೊಡೆಯುತ್ತಲೇ ಇದ್ದರು. "ಏ ಮಾಸ್ತರರ ಅವ್ವಾ! ಹೋಗಂಗಿಲ್ಲ ನೀ! ನನ್ನ ಮನ್ಯಾಗ ಹೋಗಂಗಿಲ್ಲ!" ತುಟಿ ನೀಲಿಯಾಗಿತ್ತು. ಒಮ್ಮೆ ಎದೆ ಏರಿತು. ಇನ್ನೊಂದು ಏರುವವರೆಗೆ ನಾನು ಕಾದ ಕಾಯುವಿಕೆಯನ್ನು ಈಗಲೂ ಕಾಯುತ್ತಿದ್ದೇನೆ. ಆಮೇಲೆ ವಾಂತಿಯಾಯಿತು. ಕಣ್ಣು ತೆರೆದು ನನ್ನನ್ನು ನೋಡಿ, ಬಹಳ ಸಿಟ್ಟಿನಿಂದ, "ಯಾಕ ಎಬ್ಬಿಸಿದಿ?" ಎಂದರು.

ಸಂಜೆಯೊಳಗೆ ಸಾವಕಾರರು ಹಗೇವಿಗೆ ಕಲ್ಲು ತುಂಬಿಸಿ ಹಾಸುಗಲ್ಲು ಎಳೆಸಿದರು. ಅತ್ತೆಯನ್ನು ಹುಮನಾಬಾದಿಗೆ ನನ್ನ ತವರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದೆವು. ತಲೆನೋವು ಬಹಳ ದಿನ ಇತ್ತು. ಅಲ್ಲಿ ಮಂಚದ ಮೇಲೆ ಮಲಗಿದ್ದವರಿಗೆ ನಾನು ಗಾಳಿಯ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಎದೆ ಬಡಿದದ್ದು, ತಲೆ ಹಗುರಾದದ್ದು, ಪಕ್ಕದಲ್ಲಿ ಯಾರೋ ನಿಂತಂತಾದದ್ದು ಏತರಿಂದ ಎಂದು ಹೇಳಿದೆ. ಹೇಳುವುದು ನನಗೆ ಸುಲಭವಿರಲಿಲ್ಲ. ನನಗೂ ಅದೇ ಬಂದಿತ್ತಲ್ಲ.

ಅವರು ನನ್ನ ಕಡೆ ಹೊರಳಿದರು. "ಹಂಗಾರ ಬ್ಯಾಸಗ್ಯಾಗ?" ಎಂದು ಕೇಳಿದರು.

"ಬ್ಯಾಸಗ್ಯಾಗ ಹವಾ ಛಲೋ ಇತ್ತು ಅತ್ತಿ."

"ಬ್ಯಾಸಗ್ಯಾಗ ಏನೂ ಆಗತಿದ್ದಿಲ್ಲ. ಬರೇ ಸುಮ್ಮ ಕುಂದರತಿದ್ದೆ. ಹಂಗಾರ ಅದೇ ಖರೇ ಇತ್ತು." ಹೊದಿಕೆ ಸರಿಸಿ, "ಅದು ನನಗ ತಿರುಗಿ ಬೇಕು" ಎಂದರು.

ನಾನು ಬೇಡವೆಂದೆ. ಅತ್ತೆ, ಒಬ್ಬರೇ ಇರುವ ಮಾತು ಇನ್ನು ಆಡಬೇಡಿ ಎಂದೆ.

"ಆ ಕುಣಿ ನನ್ನ ಕೊಲ್ಲಲಿಲ್ಲ. ನಿನ್ನ ಅಂಜಿಕಿ ಕೊಲ್ಲತದ ನೋಡು" ಎಂದು ಅವರು ಗೋಡೆಗೆ ತಿರುಗಿ ಮಲಗಿದರು.

ಬಸವಕಲ್ಯಾಣಕ್ಕೆ ಮರಳಿದ ಮೇಲೆ ನನ್ನ ಗಂಡ ಒಂದು ನಿಯಮ ಮಾಡಿದರು. ದಿನಾ ಬೆಳಿಗ್ಗೆ ಚಹಾ ಆದ ಮೇಲೆ ನಾವೆಲ್ಲ ಹೊರಗೆ ಅಂಗಳದಲ್ಲಿ ಕೂರಬೇಕು. ಒಳಗಿನ ಖೋಲಿ ಅವ್ವನದು. ಮಳೆ ಬಂದರೆ ಸಾವಕಾರರ ಪಡಸಾಲೆ. ಮೈದುನರು ಗೊಣಗಿದರು, ಆದರೆ ಎದ್ದರು. ಎಲ್ಲರೂ ಮೊದಲೇ ಇಷ್ಟು ಮಾಡಬಹುದಿತ್ತು.

ಮೊದಲ ದಿನ ಅತ್ತೆ ಕದ ಹಾಕಿಕೊಂಡರು. ಒಳಗಿಂದ ಹಾಡು ಬಂತು, ನಿಂತಿತು. ಆ ಮೌನ ನನಗೆ ಗೊತ್ತಿತ್ತು. ಅಂಗಳದಿಂದ ಎದ್ದು ಹೋಗಿ ಕದದ ಸಂದಿಗೆ ಕಣ್ಣಿಟ್ಟೆ. ಮೊಣಕಾಲೂರಿದ ಬೆನ್ನು. ಅದು ಅಲುಗುತ್ತಿದೆಯೋ ಇಲ್ಲವೋ ಆ ಮಬ್ಬಿನಲ್ಲಿ ತಿಳಿಯಲಿಲ್ಲ. ಬಾಯಿ ತೆರೆದು ಕೂಗಬೇಕೆನ್ನುವಷ್ಟರಲ್ಲಿ ಬೆನ್ನು ತಿರುಗದೆಯೇ ಮಾತು ಬಂತು.

"ಅದ ತಂಗಿ, ಉಸಿರು ಅದ. ಹೋಗು."

ನಾನು ಹೋದೆ. ಅಂಗಳದವರೆಗೆ ಹೋಗಿ, ಚಪ್ಪಲಿ ಸದ್ದಾಗದಂತೆ ಬಿಟ್ಟು, ಮತ್ತೆ ಬಂದು ಕದಕ್ಕೆ ಕಿವಿ ಹಚ್ಚಿ ನಿಂತೆ.