ಇಸ್ಕಾ ಹೊಳ್ಳಿ ಬರ್ತಾಳೋ ಇಲ್ಲೋ

ಯರಗಟ್ಟಿ ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿ ಗಂಗಯ್ಯನೋರು ಎರಡು ಕೆಲಸದ ಮನಷ್ಯಾ. ದಿನಾ ಝೆರಾಕ್ಸ್ ತಗೀತಾರ. ಸುತ್ತಲ ಹಳ್ಳ್ಯಾಗ ಯಾರರೆ ತೀರಿಕೊಂಡ್ರ ಶಟರ್ ಎಳದು, ಜಂಗಮರಾಗಿ ಮಣ್ಣು ಮಾಡೋ ವಿಧಿ ನಡಸಾಕ ಹೋಗ್ತಾರ. ಐವತ್ತೆರಡನೇ ವಯಸ್ಸಿನ್ಯಾಗ ಮೂರನೇದೊಂದು ಹತ್ತಿಕೊಂತು, ಓರ್ವೆನ್ ಅನ್ನೋ ಮೊಬೈಲ್ ಗೇಮ್!

ಹಚ್ಚಿದಾಕಿ ಬೈಲಹೊಂಗಲದಾಗ ಕಾಲೇಜ್ ಓದೋ ಅಣ್ಣನ ಮಗಳು ನಾಗರತ್ನಾ. ಇಂಗ್ಲಿಷ್ ಡೈಲಾಗ್ ಬಂದ್ರ ಇವರು ಸ್ಕ್ರೀನ್‌ಶಾಟ್ ಕಳಸ್ತಾರ, ಆಕಿ ಕನ್ನಡದಾಗ ವಾಯ್ಸ್ ಹಾಕ್ತಾಳ. ಗೇಮಿನ್ಯಾಗ ಎಂಟು ತಿಂಗಳು ಇವರ ಜೋಡಿ ನಡದಾಕಿ ಇಸ್ಕಾ, ಬಿಲ್ಲು ಹಿಡಿಯೋ ಮುದುಕಿ. ಶ್ರಾವಣದಾಗ ಒಂದಿನ ಸೇತುವೆ ಮ್ಯಾಲೆ, ಇವರಿಗೆ ಬರೋ ಬಾಣಕ್ಕ ಅಡ್ಡ ನಿಂತು ಸತ್ಲು.

ಗಂಗಯ್ಯನೋರ ಕಡೆ ಉಳದದ್ದು ಒಂದ ದೀಪ. ಹಚ್ಚಿದ್ರ ಸತ್ತವರ ಆತ್ಮ ಹೊಳ್ಳಿ ಬರತೈತಿ. ಆದ್ರ ಆತ್ಮ ಕರಗಿ ಹೋಗಿತ್ತಂದ್ರ ಬರೇ ದೇಹ ಎದ್ದು, ಕರದವರ ಮ್ಯಾಲೇ ಬೀಳತೈತಿ, ಗೇಮ್ ಅಲ್ಲಿಗೇ ಖಲಾಸ್. ಹಳೇ ಸೇವ್‌ಗೆ ಹೋಗಾಕ ಬರೂದಿಲ್ಲ.

ಪೇಚು ಏನಂದ್ರ, ಗೇಮ್ ಒಂದೊಂದು ಕಡೆ ಒಂದೊಂದು ಹೇಳತೈತಿ. ಗೇಮಿನ ಪೂಜಾರಿಗಳು, ಸತ್ತ ಕೂಡಲೇ ಆತ್ಮ ನದಿಯಾಗ ಕರಗತೈತಿ ಅಂತಾರ. ಆ ಪೂಜಾರಿಗಳ ಊರಾಗ ಒಬ್ಬ ಕಮ್ಮಾರಗಿತ್ತಿ ಸತ್ತ ಗಂಡನ ಕೂಡ ದಿನಾ ಮಾತಾಡ್ತಾಳ, ಅಂವ ಉತ್ತರಾನೂ ಕೊಡ್ತಾನ! ಫ್ಯಾನ್ ಗ್ರೂಪಿನವರು, ಬರದವರ ತಪ್ಪು, ಬಿಡ್ರಿ ಅಂದ್ರು. ಗಂಗಯ್ಯನೋರು ಬಿಡಲಿಲ್ಲ. ಆತ್ಮದ ಮಾತಿದ್ದ ಅರವತ್ತೊಂದು ಸ್ಕ್ರೀನ್‌ಶಾಟ್ ಪ್ರಿಂಟ್ ತಗದು, ಅಂಗಡಿ ತುಂಬ ಹಗ್ಗಾ ಕಟ್ಟಿ ತೂಗಬಿಟ್ರು.

ಬಾಜೂ ಅಂಗಡ್ಯಾಗ ಮೊಬೈಲ್ ರಿಪೇರಿ ಮಾಡೋ ಸಾಜಿದ್ ಇಣಿಕಿದ. "ಅಯ್ಯಾರ, ಖರೇ ಮಂದೀನ ಕಳಿಸಿದ್ದು ಸಾಲಲಿಲ್ಲೇನ್ರಿ? ಈಗ ಗೇಮಿನ ಮಂದೀನೂ ಕಳಸಾಕ ಹತ್ತೀರಿ?"

"ಕಳಸಾಕಲ್ಲೋ, ಹೊಳ್ಳಿ ಕರಿಯಾಕ ಹತ್ತೇನಿ" ಅಂದ್ರು, ಹಾಳಿ ಮ್ಯಾಲಿನ ಕಣ್ಣು ತಗೀಲಿಲ್ಲ.

ಅದ ವಾರ ಮುನವಳ್ಳಿಯಾಗ ಶಟ್ಟೆವ್ವ ಅನ್ನೋ ಹಿರೇ ಹೆಣಮಗಳು ತೀರಿಕೊಂಡ್ಲು. ಕುಣಿ ಬಾಜೂಕ ಕುಂತ ಮಗಳು ಏಳವೊಲ್ಲಳು. ಗಂಗಯ್ಯನೋರು ಯಾವತ್ತಿನಂಗ, "ನಿಮ್ಮವ್ವ ಲಿಂಗದಾಗ ಕೂಡಿದ್ಲವಾ, ಇನ್ನ ಇಲ್ಲಿ ಇಲ್ಲ, ಏಳು" ಅಂದ್ರು. ಆಕಿ ಎದ್ಲು. ಮನೀಗೆ ಬಂದ ಮ್ಯಾಲೆ, ಹಿರೇರ ಹಬ್ಬಕ್ಕ ಅವ್ವನ ಹೆಸರಲೆ ಎಡಿ ಇಡೂದು ಮರೀಬ್ಯಾಡ, ಸಜ್ಜಕದ ಹೋಳಿಗಿ ಅಂದ್ರ ಆಕಿಗೆ ಜೀವ ಅಂತ ಹೇಳಿದ್ರು. ಹೇಳಿ ನಿಂತಲ್ಲೇ ನಿಂತ್ರು. ಕೂಡಿ ಹೋದಾಕಿ ಉಣ್ಣಾಕ ಹೆಂಗ ಬರ್ತಾಳ? ಮೂವತ್ತು ವರ್ಷದಿಂದ ಎರಡೂ ಮಾತು ತಾವ ಹೇಳಕೋತ ಬಂದಿದ್ರು, ಯಾರೂ ಕೇಳಿದ್ದಿಲ್ಲ!

ಬಸ್ಸಿನ್ಯಾಗಿಂದನ ನಾಗರತ್ನಾಗ ಫೋನ್ ಹಚ್ಚಿದ್ರು. ಯಾರು ಎಲ್ಲಿ ನಿಂತು ಹೇಳ್ಯಾರ ಅಂತ ಹಾಳಿ ಎಲ್ಲಾ ಹೊಸದಾಗಿ ಹೊಂದಸಬೇಕು ಅಂದ್ರು. ಶನಿವಾರ ಆಕಿ ಬಂದ್ಲು, ಇಬ್ಬರೂ ಹಾಳಿ ನೆಲಕ್ಕ ಹಾಸಿ ಕುಂತ್ರು. ಕರಗತೈತಿ ಅನ್ನೋ ಇಪ್ಪತ್ಮೂರೂ ಮಾತು ಹೆಣದ ಬಾಜೂಕ ಹೇಳಿದ್ದು, ಅಳೋರನ್ನ ಎಬ್ಬಸಾಕ. ಉಳದದ್ದೆಲ್ಲಾ, ಸತ್ತವರು ಇನ್ನೂ ಅದಾರ ಅನ್ನೋ ಮಾತು, ಮನ್ಯಾಗ ಒಲಿ ಮುಂದ ಕುಂತು ಆಡಿದ್ದು. ಒಂದೂ ಆಚೀಚಿ ಇಲ್ಲ! ಅಂದ್ರ ಕರಗತೈತಿ ಅನ್ನೂದು ಬರೇ ಸಮಾಧಾನದ ಮಾತು, ಇಸ್ಕಾನ ಆತ್ಮ ಇನ್ನೂ ಇರಬೇಕು.

"ತಪ್ಪಿದ್ರ ಎಂಟು ತಿಂಗಳು ನೀರಾಗ ಹೋತು ನೋಡ್ರಿ, ಕಾಕಾ."

"ಹೋಗಲಿ" ಅಂದು ದೀಪ ಒತ್ತಿದ್ರು.

ಸ್ಕ್ರೀನ್ ಕಪ್ಪಾತು. ಇಸ್ಕಾ ಎದ್ಲು. ಮೈಮ್ಯಾಲೆ ಬೀಳಲಿಲ್ಲ, ಇವರ ಮಾರಿ ನೋಡಿ ಇಂಗ್ಲಿಷಿನ್ಯಾಗ ಏನೋ ಕೇಳಿದ್ಲು. ನಾಗರತ್ನಾ ಸಣ್ಣ ದನಿಯಾಗ ಹೇಳಿದ್ಲು, "ನೀ ಯಾರು ಅನ್ನಾಕತ್ತಾಳ ಕಾಕಾ. ಆಕಿ ಬಂದಾಳ, ನೆನಪು ಕರಗ್ಯಾವು."

ಗಂಗಯ್ಯನೋರು ಕಣ್ಣ ಒರಸ್ಕೊಂಡು ಮೊಬೈಲ್ ಹತ್ರ ಎಳಕೊಂಡ್ರು.

"ಮೊದಲ ಆಕಿಗೆ ನನ್ನ ಹೆಸರು ಹೇಳು. ಆಮ್ಯಾಲೆ ಮ್ಯಾಪ್ ತಗಿ, ಮೊದಲನೇ ಊರಿಂದ ಎಲ್ಲಾ ತೋರಸ್ಕೋತ ಹೋಗೂಣು."