ಗುರುಮಲ್ಲಪ್ಪನವರ ಮನೆಯವರು

ಅಮೃತಾ ಹುಟ್ಟು ಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಹುಡುಗಿ ಡಾಕ್ಟರಾದದ್ದೇ ಅವಳ ಊರು ಕೇಣಿಚಿರದ ನೆಂಟರಿಗೆಲ್ಲ ತಮಾಷೆ. ಅಂಥವಳು ಸೂಜಿ, ನೆತ್ತರು ಬಿಟ್ಟರೆ ಬೇರೆ ಮಾತೇ ಇಲ್ಲದ ರಕ್ತರೋಗ ವಿಭಾಗವನ್ನೇ ಬೇಕೆಂದು ಆರಿಸಿಕೊಂಡಳು. ಕೇರಳದ ಕಲ್ಪೆಟ್ಟದ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆ ಆ ವಿಭಾಗದಲ್ಲಿ ಸಿಗುತ್ತಿದ್ದುದು ಮೂರು ತಿಂಗಳ ತರಬೇತಿ. ಆಮೇಲೆ ಒಬ್ಬರಿಗೆ ಮಾತ್ರ ಇನ್ನೊಂದು ವರ್ಷ ಉಳಿದು ಕಲಿಯುವ ಅವಕಾಶ. ಅದು ಅವಳಿಗೋ, ಜೊತೆಯಲ್ಲಿ ಕಲಿಯುತ್ತಿದ್ದ ವಿನೋದನಿಗೋ ಎಂದು ಹೇಳಬೇಕಾದವರು ವಿಭಾಗದ ಹಿರಿಯರಾದ ಡಾಕ್ಟರ್ ಸಜೀವನ್.

ಸಜೀವನ್ ಮೊದಲ ದಿನವೇ ಎಚ್ಚರಿಸಿದ್ದರು. ರಕ್ತದ ಮಾದರಿ ತೆಗೆಯುವಾಗ ಹೆಸರನ್ನೂ ತಂದೆಯ ಅಥವಾ ಗಂಡನ ಹೆಸರನ್ನೂ ನೀವು ಹೇಳಬೇಡಿ, ರೋಗಿಯ ಬಾಯಿಂದ ಹೇಳಿಸಿ. ಒಬ್ಬರ ಮಾದರಿಗೆ ಇನ್ನೊಬ್ಬರ ಹೆಸರು ಬಿದ್ದರೆ ಹೊಂದದ ರಕ್ತ ಮೈಗೆ ಹೋಗುತ್ತದೆ, ಜೀವ ಹೋಗುತ್ತದೆ. ಅಮೃತಾ ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು.

ಗೆರೆ ಎಳೆದವಳೇ ತಪ್ಪಿದಳು. ಮುತ್ತಂಗ ಕಡೆಯ ನಿಂಗಮ್ಮ ಎಂಬ ಕನ್ನಡದ ಅಜ್ಜಿ ರಕ್ತ ತೀರಾ ಕಡಿಮೆಯಾಗಿ ಹಿಂದಿನ ಸಂಜೆ ಸೇರಿದ್ದರು. ಬೆಳಗ್ಗೆ ಅಮೃತಾ ಹೋದಾಗ ಆ ಮಂಚದ ಮೇಲೆ ಅಜ್ಜಿಯೊಬ್ಬರು ಹೊದ್ದು ಕೂತಿದ್ದರು. ಹೆಸರು ಕೇಳಿದರೆ ನಿಂಗಮ್ಮ ಎಂದರು. ಇನ್ನು ಗಂಡನ ಹೆಸರು. ಹಳೆಯ ಕಾಲದವರು, ಅದನ್ನು ಬಾಯಿಬಿಟ್ಟು ಹೇಳುವವರಲ್ಲ. ಅಮೃತಾಳ ಸ್ವಂತ ಅಜ್ಜಿಯೂ ಹಾಗೆಯೇ. ಕನ್ನಡದ ಹುಡುಗಿಯಾಗಿ ಇಷ್ಟೂ ತಿಳಿಯದೆ ಅವರನ್ನು ಪೇಚಿಗೆ ಸಿಕ್ಕಿಸುವುದೇ? ಕಾಗದ ನೋಡಿ ಅವಳೇ ಹೇಳಿಬಿಟ್ಟಳು: “ಗುರುಮಲ್ಲಪ್ಪನವರ ಮನೆಯವರಲ್ವಾ?”

ಅಜ್ಜಿ ಹೂಂ ಎಂದು ತೋಳು ಚಾಚಿದರು. ರೋಗಿಯ ಹೆಸರಿರುವ ಕೈಪಟ್ಟಿ ನೋಡಬೇಕಿತ್ತು. ಅಜ್ಜಿಯ ಮರ್ಯಾದೆ ಉಳಿಸಿದ ಖುಷಿಯಲ್ಲಿ ಅದನ್ನೂ ಮರೆತಳು.

ಮಧ್ಯಾಹ್ನ ರಕ್ತದ ಚೀಲ ಬಂತು. ಚೀಟಿ, ಕಡತ, ರೋಗಿಯ ಕೈಪಟ್ಟಿ ಎಲ್ಲವೂ ತಾಳೆಯಾದವು. ನರ್ಸ್ ಶ್ರೀಜ ಚೀಲ ತೂಗುಹಾಕಿದಳು. ಹನಿ ಬಿಡುವ ಪುಟ್ಟ ಗಾಲಿಯ ಮೇಲೆ ಅಮೃತಾ ಬೆರಳಿಟ್ಟಳು. ಅಷ್ಟರಲ್ಲಿ ಪಕ್ಕದ ಸ್ಟೂಲಿನಲ್ಲಿದ್ದ ಇನ್ನೊಬ್ಬ ಅಜ್ಜಿ ರೋಗಿಯ ಹೊದಿಕೆ ಸರಿಮಾಡಲು ಬಗ್ಗಿದರು. ಅವರ ಮೊಣಕೈಯೊಳಗೆ ಹತ್ತಿ ಅಂಟಿಸಿತ್ತು. ಅಂಟಿಸಿದವಳು ತಾನೇ.

“ಅಜ್ಜಿ, ಬೆಳಗ್ಗೆ ನಾನು ರಕ್ತ ತೆಗೆದದ್ದು ನಿಮ್ದಾ?”

“ನಂದೇ ಕನವ್ವ. ಅಕ್ಕ ಕಕ್ಕಸಿಗೆ ಹೋಗಿದ್ಲು. ಮನೆಯೋರು ಯಾರಾದ್ರೂ ಚೋರ ಕೊಡ್ಬೇಕು ಅಂದಿದ್ರಲ್ಲ, ಅದ್ಕೇ ಕೈ ಕೊಟ್ಟೆ.”

ಮಲಯಾಳ ಬೆರೆತ ಆ ಕಡೆಯ ಮಾತಿನಲ್ಲಿ ಚೋರ ಎಂದರೆ ರಕ್ತ. ಇವರೂ ನಿಂಗಮ್ಮನೇ. ರೋಗಿಯ ಓರಗಿತ್ತಿ, ಗುರುಮಲ್ಲಪ್ಪನ ತಮ್ಮನ ಹೆಂಡತಿ. ಮನೆಯಲ್ಲಿ ಅವರು ದೊಡ್ಡ ನಿಂಗಮ್ಮ, ಇವರು ಚಿಕ್ಕ ನಿಂಗಮ್ಮ. ಗುರುಮಲ್ಲಪ್ಪನವರ ಮನೆಯವರು ಎಂದರೆ ಇವರೂ ಅದೇ ಮನೆಯವರು. ಪಾಪ, ಒಂದಕ್ಷರ ಸುಳ್ಳು ಹೇಳಿರಲಿಲ್ಲ.

ಕೊಳವೆಯ ಕೆಂಪು ದೊಡ್ಡ ನಿಂಗಮ್ಮನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅಮೃತಾಗೆ ಬೆರಳು ತೆಗೆಯಲೂ ಭಯ, ಎಲ್ಲಿ ಗಾಲಿ ತಿರುಗಿಬಿಡುತ್ತದೋ ಎಂದು. ಕೊನೆಗೆ ಶ್ರೀಜಳೇ ಕೊಳವೆ ಬಿಡಿಸಿದಳು. ಇನ್ನೊಂದು ಮಾದರಿ ಸದ್ದಿಲ್ಲದೆ ಕಳಿಸಿಬಿಡಿ, ಸೋಮವಾರ ಸೀಟು ಯಾರಿಗೆಂದು ಹೇಳುತ್ತಾರೆ, ಯಾರಿಗೂ ಗೊತ್ತಾಗುವುದು ಬೇಡ ಎಂದು ಪಿಸುಗುಟ್ಟಿದಳು. ಅಮೃತಾಗೂ ಹಾಗೆ ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸೀಟು ಹೋಗುವ ಭಯಕ್ಕಿಂತ ಅವಳಿಗೆ ತನ್ನ ಕೈಯಿಂದ ಮತ್ತೆ ತಪ್ಪಾದೀತೆಂಬ ಭಯವೇ ಹೆಚ್ಚಾಗಿತ್ತು. ಸಜೀವನ್ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

ಅವರು ಬಂದರು, ಗದರಲಿಲ್ಲ. ಈ ವರ್ಷದ ಸೀಟು ವಿನೋದನಿಗೆ ಎಂದು ಅಲ್ಲೇ ಹೇಳಿದರು. ಆಮೇಲೆ, ನನ್ನೆದುರಿಗೆ ನೀನೇ ಮತ್ತೆ ಮಾದರಿ ತೆಗೆ ಎಂದರು.

ಅಮೃತಾ ಕೈಪಟ್ಟಿ ನೋಡಿದಳು. ಹೆಸರು ಕೇಳಿದಳು. ಗಂಡನ ಹೆಸರು ಕೇಳಿದಾಗ ದೊಡ್ಡ ನಿಂಗಮ್ಮ ತುಟಿ ಬಿಗಿದು ಗೋಡೆಯ ಕಡೆ ತಿರುಗಿದರು. ಆತ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

“ನಿಮ್ಮ ಬಾಯಿಂದ್ಲೇ ಬರ್ಬೇಕು ಅಜ್ಜಿ. ನಂಗೆ ಭಯ ಆಗ್ತಿದೆ. ತಪ್ಪು ಚೋರ ಹೋದ್ರೆ ನೀವು ಉಳಿಯಲ್ಲ.”

ಅಜ್ಜಿ ತಿರುಗಿ ಅವಳ ಮುಖ ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮದುವೆಯಾದಂದಿನಿಂದ ಒಮ್ಮೆಯೂ ಆಡದ ಹೆಸರನ್ನು ಹೇಳಿದರು. “ಗುರುಮಲ್ಲಪ್ಪ.” ಹೇಳಿ ಅಳತೊಡಗಿದರು. ಅಮೃತಾ ರಕ್ತ ತೆಗೆದು, ಮಂಚದ ಪಕ್ಕದಲ್ಲೇ ನಿಂತು ಹೆಸರು ಬರೆದು ಕಳಿಸಿದಳು.

ಲ್ಯಾಬಿನಿಂದ ಫೋನ್ ಬಂತು. ದೊಡ್ಡ ನಿಂಗಮ್ಮನದು ಒ ಗುಂಪು. ಇಳಿಸಿಟ್ಟ ಚೀಲದ ಮೇಲೆ ಬಿ ಎಂದಿತ್ತು.